ಗಡಾಯಿಕಲ್ಲಿನ ಸೀಮೆಗೆ ಮನ್ರೋ ಬರೆದ ಲೆಕ್ಕ

ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಅಲೆಕ್ಸಾಂಡರ್ ಮನ್ರೋ ಎಂಬ ವರ್ತಕನಿದ್ದ. ಅಮೆರಿಕದ ವರ್ಜೀನಿಯಾ ಸೀಮೆಯೊಂದಿಗೆ ಅವನ ವ್ಯಾಪಾರ. ಅಲ್ಲಿಂದ ಬರುತ್ತಿದ್ದದ್ದು ಹೊಗೆಸೊಪ್ಪು. 1775ರಲ್ಲಿ ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಮೇಲೆ ತಿರುಗಿಬಿದ್ದಾಗ ಹಡಗು ನಿಂತಿತು, ಕೊಟ್ಟ ಸಾಲ ಅಲ್ಲಲ್ಲೇ ಉಳಿಯಿತು, ಅಂಗಡಿ ಮುಳುಗಿತು. ಮನೆಯ ಕಷ್ಟ ನೋಡಲಾರದೆ ಮಗ ಥಾಮಸ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಕೆಡೆಟ್ ಆಗಿ ಸೇರಿ, 1780ರ ಜನವರಿಯಲ್ಲಿ ಮದರಾಸಿನಲ್ಲಿ ಬಂದಿಳಿದ. ಆಗ ಅವನಿಗೆ ಹದಿನೆಂಟು ವರ್ಷ. ಹತ್ತೊಂಬತ್ತು ವರ್ಷಗಳ ತರುವಾಯ ಅವನೇ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರನಾದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗದ್ದೆಗೆ ಒಡೆಯ ಯಾರು, ತೀರ್ವೆ ಎಷ್ಟು ಎಂದು ಸರಕಾರಕ್ಕೆ ಬರೆದು ತಿಳಿಸುವ ಕೆಲಸ ಅವನ ಪಾಲಿಗೆ ಬಂತು.

ಅವನು ಬರೆದ ಉತ್ತರ ನೂರ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯನ್ನು ಆಳಿತು. ಬಹಳ ಪ್ರಾಮಾಣಿಕವಾಗಿ, ಬಹಳ ಓದಿಕೊಂಡು ಬರೆದ ಉತ್ತರ ಅದು. ಆದರೆ ಕೆಸರಲ್ಲಿ ನಿಂತು ನೇಜಿ ನೆಟ್ಟವನಿಗೆ ಅದರಲ್ಲಿ ಜಾಗವಿರಲಿಲ್ಲ.

ಅಮೆರಿಕದ ಕತೆಯ ಎಳೆ ಮನ್ರೋನ ಬೆನ್ನು ಬಿಡಲೇ ಇಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಗೆ ಶರಣಾದ ಲಾರ್ಡ್ ಕಾರ್ನ್‌ವಾಲಿಸ್ ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ. ಹಾಗೆ ಕಂಪನಿಗೆ ಸಿಕ್ಕ ಬಾರಾಮಹಲ್ ಸೀಮೆಯಲ್ಲಿ, ಅಂದರೆ ಇಂದಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆ, ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಮನ್ರೋ ಏಳು ವರ್ಷ ದುಡಿದ. ನಡುವೆ ಜಮೀನುದಾರನನ್ನು ಇಟ್ಟುಕೊಳ್ಳದೆ ಸರಕಾರವೇ ನೇರವಾಗಿ ರೈತನೊಂದಿಗೆ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ರೂಪುಗೊಂಡದ್ದು ಅಲ್ಲಿ. ಅದೇ ಹೊತ್ತಿಗೆ, 1793ರಲ್ಲಿ, ಬಂಗಾಳದಲ್ಲಿ ಕಾರ್ನ್‌ವಾಲಿಸ್ ಜಮೀನುದಾರರಿಗೆ ಶಾಶ್ವತವಾಗಿ ಭೂಮಿ ಒಪ್ಪಿಸಿ ಕೈತೊಳೆದುಕೊಂಡಿದ್ದ. ಮದರಾಸಿನಲ್ಲೂ ಹಾಗೆಯೇ ಆಗಲಿ ಎನ್ನುವವರೇ ಹೆಚ್ಚು. ಮನ್ರೋ ಬಾಳಿನುದ್ದಕ್ಕೂ ಆ ಮಾತಿನ ಎದುರಾಳಿ.

1799ರ ಮೇ 4ರಂದು ಟಿಪ್ಪು ಬಿದ್ದ. ರಾಜ್ಯ ಹಂಚಿಕೆಯ ಆಯೋಗಕ್ಕೆ ಮನ್ರೋ ಮತ್ತು ಜಾನ್ ಮಾಲ್ಕಮ್ ಕಾರ್ಯದರ್ಶಿಗಳು. ಕರಾವಳಿ ಕಂಪನಿಯ ಪಾಲಿಗೆ ಬಂತು. ಕಾರವಾರದಿಂದ ಕಾಸರಗೋಡಿನಾಚೆಯವರೆಗೆ ಚಾಚಿಕೊಂಡ ಸೀಮೆಗೆ ಮನ್ರೋನನ್ನು ಕಳುಹಿಸಿದರು. ಅವನಿಗೆ ಮನಸ್ಸಿರಲಿಲ್ಲ. ಬಯಲುಸೀಮೆಯ ಒಣಗಾಳಿಯಲ್ಲಿ ಕುದುರೆ ಓಡಿಸಿ ಅಭ್ಯಾಸವಾದವನಿಗೆ ಆಟಿಯ ಮಳೆ, ಉಕ್ಕುವ ಹೊಳೆ, ಕುದುರೆ ಇಳಿಯಲಾಗದ ಕಣಿವೆ ಇವೆಲ್ಲ ಸೆರೆಮನೆಯಂತೆ ಕಂಡವು. ಊರಿನ ತಂಗಿಗೂ ಗೆಳೆಯರಿಗೂ ಬರೆದ ಕಾಗದಗಳಲ್ಲಿ ಈ ಗೋಳೇ ಗೋಳು. ಹಿಂದೆ ಕರೆಸಿಕೊಳ್ಳಿ ಎಂದು ಮೇಲಿನವರನ್ನು ಬೇಡುತ್ತಲೇ ಅವನು ಇಲ್ಲಿ ಇದ್ದದ್ದು ಸುಮಾರು ಹದಿನಾರು ತಿಂಗಳು, 1799ರ ಮಳೆಗಾಲದಿಂದ 1800ರ ಕೊನೆಯವರೆಗೆ. ಅಷ್ಟರಲ್ಲಿ ಎರಡು ಕೆಲಸ ಮುಗಿಸಿದ: ದಂಗೆ ಅಡಗಿಸಿದ, ಕಂದಾಯ ಕಟ್ಟಿದ.

ಅವನು ಬರುವಾಗ ಈ ಒಳನಾಡಿನಲ್ಲಿ ಹಳೆಯ ಅರಸುಮನೆಗಳ ನೆನಪು ಇನ್ನೂ ಬಿಸಿಯಾಗಿತ್ತು. ಮೂಡುಬಿದಿರೆಯಲ್ಲಿ ಚೌಟರು, ನಂದಾವರದಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ವಿಜಯನಗರದ ಕಾಲದಲ್ಲಿ, ಆಮೇಲೆ ಕೆಳದಿಯ ನಾಯಕರ ಕಾಲದಲ್ಲಿ ಕಪ್ಪ ಕೊಟ್ಟು ತಮ್ಮ ತಮ್ಮ ಸೀಮೆಯಲ್ಲಿ ಮೆರೆದವರು ಇವರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ ಮೇಲೆ ಒಬ್ಬೊಬ್ಬರಾಗಿ ಅಧಿಕಾರ ಕಳೆದುಕೊಂಡರು. ಕೆಲವರು ತಲಚೇರಿಯಲ್ಲಿದ್ದ ಇಂಗ್ಲಿಷರ ಆಸರೆಗೆ ಓಡಿದರು. ಟಿಪ್ಪು ಹೋದನೆಂದು ತಿಳಿದದ್ದೇ ತಡ, ನಮ್ಮ ಸೀಮೆ ನಮಗೆ ಮರಳಿ ಬರುತ್ತದೆಂದು ಕಾದರು.

ಮನ್ರೋ ಕೊಡಲಿಲ್ಲ. ಪಾಳೆಯಗಾರರನ್ನು ಬಾರಾಮಹಲಿನಿಂದಲೇ ಬಲ್ಲವನು ಅವನು. ಅರಸುಮನೆಗೆ ಭೂಮಿ ಹಿಂದಿರುಗಿಸಿದರೆ ಆಳುಗಳೂ ಆಯುಧವೂ ಜೊತೆಗೇ ಹಿಂದಿರುಗುತ್ತವೆ, ರೈತನಿಗೆ ಇಬ್ಬರು ಯಜಮಾನರಾಗುತ್ತಾರೆ ಎಂಬುದು ಅವನ ಲೆಕ್ಕ. ಈ ಮನೆತನಗಳಿಗೆ ಉಳಿದದ್ದು ಪಿಂಚಣಿ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಇಂದಿಗೂ ಕಾಣುವ ನವನಾರೀ ಕುಂಜರ, ಪಂಚನಾರೀ ತುರಗಗಳು ಒಂದು ಕಾಲದ ವೈಭವದ ಗುರುತು. ಅದರೊಳಗೆ ವಾಸವಿದ್ದವರ ಕೈಗೆ ಆಮೇಲೆ ಬಂದದ್ದು ಕಂಪನಿಯ ಖಜಾನೆಯ ಸಣ್ಣ ಮೊತ್ತ.

ಎಲ್ಲರೂ ಇದಕ್ಕೆ ತಲೆಬಾಗಲಿಲ್ಲ. ವಿಟ್ಲದ ರವಿವರ್ಮ ನರಸಿಂಹ ಡೊಂಬ ಹೆಗ್ಗಡೆ ತಲಚೇರಿಯಿಂದ ಮರಳಿ ಬಂದು ತನ್ನ ಸೀಮೆ ಹಿಡಿದ. ಟಿಪ್ಪುವಿನ ಆಡಳಿತದಲ್ಲಿದ್ದ ಸುಬ್ಬರಾವ್ ಎಂಬವನು ಟಿಪ್ಪುವಿನ ಮಗ ಫತೇ ಹೈದರನೆಂದು ಹೇಳಿಕೊಂಡ ಒಬ್ಬನನ್ನು ಮುಂದಿಟ್ಟುಕೊಂಡು, ತಾನೇ ಅವನ ದಿವಾನನೆಂದು ಪುತ್ತೂರಿನ ಕಡೆ ಜನ ಸೇರಿಸಿದ. ತಿಮ್ಮನಾಯಕನೆಂಬವನು ಎಲ್ಲರಿಗಿಂತ ದೊಡ್ಡ ಸಾಹಸ ಮಾಡಿದ. ಬೆಳ್ತಂಗಡಿಯ ನೆತ್ತಿಯ ಮೇಲಿರುವ ಜಮಾಲಾಬಾದ್ ಕೋಟೆಯನ್ನೇ ಕಂಪನಿಯ ಕೈಯಿಂದ ಕಿತ್ತುಕೊಂಡ.

ಆ ಕೋಟೆ ಊರವರ ಬಾಯಲ್ಲಿ ಗಡಾಯಿಕಲ್ಲು. ಹಳೆಯ ಹೆಸರು ನರಸಿಂಹಗಡ. ಕುದುರೆಮುಖದ ಬೆಟ್ಟಸಾಲಿನ ಬುಡದಲ್ಲಿ, ಬೆಳ್ತಂಗಡಿಯಿಂದ ಎಂಟು ಕಿಲೋಮೀಟರ್ ಆಚೆ, ಸುಮಾರು 1,700 ಅಡಿ ಎತ್ತರಕ್ಕೆ ಒಂಟಿಯಾಗಿ ಎದ್ದ ಕರಿಬಂಡೆ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿದ. ತಾಯಿಯ ಹೆಸರನ್ನೇ ಅದಕ್ಕಿಟ್ಟನೆಂದು ಜನ ಹೇಳುತ್ತಾರೆ. ಬಂಡೆಯಲ್ಲೇ ಕಡಿದ ಇಕ್ಕಟ್ಟು ಮೆಟ್ಟಿಲಿನ ಒಂದೇ ದಾರಿ. ಮೇಲೆ ಒಂದಿಷ್ಟು ಜನ, ನೀರು, ಅಕ್ಕಿ ಇದ್ದರೆ ಕೆಳಗೆ ದಂಡೇ ಬಂದರೂ ಕಾಯುವುದಲ್ಲದೆ ಬೇರೆ ಉಪಾಯವಿಲ್ಲ. 1799ರಲ್ಲಿ ಕಂಪನಿಯ ಪಾಲಾಗಿದ್ದ ಈ ಕೋಟೆಯನ್ನು ತಿಮ್ಮನಾಯಕ ಹಿಡಿದ ಮೇಲೆ ಕಂಪನಿಯವರೂ ಹಾಗೆಯೇ ಕಾದರು. ತಿಂಗಳುಗಟ್ಟಲೆ ಸುತ್ತುಗಟ್ಟಿ ಕುಳಿತ ಬಳಿಕ 1800ರಲ್ಲಿ ಕೋಟೆ ಮತ್ತೆ ಅವರ ವಶವಾಯಿತು.

ಮನ್ರೋಗೆ ಆಗ ಬೇಕಾದಷ್ಟು ಸೇನೆ ಸಿಗುವಂತಿರಲಿಲ್ಲ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಲಿದ್ದ ಆರ್ಥರ್ ವೆಲ್ಲೆಸ್ಲಿ ಆ ವರ್ಷ ಘಟ್ಟದ ಮೇಲೆ ದಂಗೆಕೋರ ಧೋಂಡಿಯಾ ವಾಘನ ಬೆನ್ನಟ್ಟಿದ್ದ. ಇಬ್ಬರ ನಡುವೆ ಕಾಗದಗಳು ಓಡಾಡಿದವು; ಕರಾವಳಿಯ ಅಕ್ಕಿ ಘಟ್ಟ ಹತ್ತಿ ವೆಲ್ಲೆಸ್ಲಿಯ ಸೇನೆಗೆ ಹೋಯಿತು. ವಿಟ್ಲದ ಹೆಗ್ಗಡೆ ಸೆರೆಸಿಕ್ಕ. ಮರುಕ ತೋರಿದರೆ ಉಳಿದವರೂ ಏಳುತ್ತಾರೆಂದು ಮನ್ರೋ ಕಠಿಣನಾದ. ಹೆಗ್ಗಡೆಯನ್ನು 1800ರಲ್ಲಿ ಗಲ್ಲಿಗೇರಿಸಿದರು. ರೈತರ ಗೆಳೆಯನೆಂದು ಹೆಸರಾದವನ ಆಡಳಿತ ಇಲ್ಲಿ ಶುರುವಾದದ್ದು ನೇಣಿನೊಂದಿಗೆ ಎಂಬುದನ್ನು ಮರೆತು ಅವನ ಚರಿತ್ರೆ ಬರೆಯಲಾಗದು.

ಇನ್ನು ಎರಡನೆಯ ಕೆಲಸ. ಅಳತೆ ಸರಪಳಿ ಹಿಡಿದು ಗದ್ದೆಗೆ ಇಳಿಯುವ ಬದಲು ಮನ್ರೋ ಇಲ್ಲಿ ಕಾಗದ ಓದಿದ. ಶಾನುಭೋಗರ ಮನೆಯ ಕರಿಯ ಕಡತಗಳು, ಸನ್ನದುಗಳು, ಶಾಸನಗಳು, ಕ್ರಯಪತ್ರಗಳು. ಬಾರಾಮಹಲಿನಲ್ಲಿ ಕಾಣದ್ದೊಂದು ಅವನಿಗೆ ಇಲ್ಲಿ ಕಂಡಿತು: ಭೂಮಿಗೆ ಖಾಸಗಿ ಒಡೆಯರಿದ್ದಾರೆ, ತಲೆತಲಾಂತರದಿಂದ ಮಾರಿದ್ದಾರೆ, ಅಡವಿಟ್ಟಿದ್ದಾರೆ, ಉಂಬಳಿ ಕೊಟ್ಟಿದ್ದಾರೆ, ಎಲ್ಲಕ್ಕೂ ಬರಹವಿದೆ. 1800ರ ಮೇ 31ರಂದು ಕಂದಾಯ ಮಂಡಳಿಗೆ ಅವನು ಕಳಿಸಿದ ವರದಿ ವಿಜಯನಗರದ ಹರಿಹರನ ಕಾಲದಿಂದ ಈ ಸೀಮೆಯ ತೆರಿಗೆಯ ಚರಿತ್ರೆ ಹೇಳುತ್ತದೆ. ಆ ವರದಿಯ ಪ್ರಕಾರ ಹಳೆಯ ಕಟ್ಟಿನಲ್ಲಿ 30 ಪಾಲು ಭತ್ತ ಬೆಳೆದರೆ ಬೆಳೆದವನಿಗೆ 15, ಭೂಮಿಯ ಒಡೆಯನಿಗೆ ಏಳೂವರೆ, ಸರಕಾರಕ್ಕೆ ಏಳೂವರೆ. ಸರಕಾರದ ಪಾಲಿನಲ್ಲೇ ದೇವಸ್ಥಾನ, ಬ್ರಾಹ್ಮಣರ ಅಂಶ.

ಆಮೇಲೆ ಏರಿಕೆಯ ಕತೆ. 1660ರ ಸುಮಾರಿಗೆ ಕೆಳದಿಯ ಶಿವಪ್ಪನಾಯಕ ಕಟ್ಟಿದ ತೆರಿಗೆ ಜನರ ಬಾಯಲ್ಲಿ 'ಶಿಸ್ತು' ಎಂದೇ ಉಳಿಯಿತು. ಹೈದರನೂ ಟಿಪ್ಪುವೂ ಅದರ ಮೇಲೆ ಹೇರಿದ ಹೆಚ್ಚುವರಿಗಳು 'ಶಾಮಿಲು'. ಶಿಸ್ತಿನಲ್ಲಿ ರೈತ ಉಸಿರಾಡುತ್ತಿದ್ದ, ಶಾಮಿಲಿನಲ್ಲಿ ಉಸಿರು ಕಟ್ಟಿತು, ಭೂಮಿಗೆ ಬೆಲೆಯೇ ಇಲ್ಲದಾಯಿತು ಎಂದು ಮನ್ರೋ ವಾದಿಸಿದ. ತೀರ್ವೆ ಇಳಿದರೆ ಭೂಮಿ ಮತ್ತೆ ಮಾರುಕಟ್ಟೆಯ ಸೊತ್ತಾಗುತ್ತದೆ, ಒಡೆಯ ಗದ್ದೆಗೆ ಹಣ ಹಾಕುತ್ತಾನೆ, ಕೊನೆಗೆ ಸರಕಾರಕ್ಕೂ ಲಾಭ. ಆದರೂ ತಾನೇ ಬಯಸಿದಷ್ಟು ಇಳಿಸಲಿಲ್ಲ. ಕಂಪನಿಗೆ ಹಣ ಬೇಕಿತ್ತು. ಸಣ್ಣ ಸಣ್ಣ ಹಿಡುವಳಿಗಳನ್ನು ಕೂಡಿಸಿ ದೊಡ್ಡ ಜಮೀನುದಾರಿಕೆ ಮಾಡಬೇಕೆಂಬ ಮಾತಿಗೆ ಮಾತ್ರ ಒಪ್ಪಲಿಲ್ಲ. ದಕ್ಷಿಣ ಕನ್ನಡದಲ್ಲಿ ಬಂಗಾಳದಂಥ ಜಮೀನುದಾರರು ಹುಟ್ಟದೆ ಹೋದದ್ದು ಆ ಹಟದ ಫಲ.

ಅವನು ಒಪ್ಪಿದ ಘಟಕ 'ವರ್ಗ'. ಕೆನರಾದಲ್ಲಿ ವರ್ಗವೆಂದರೆ ಒಂದು ಹೆಸರಿನಲ್ಲಿ ಲೆಕ್ಕಕ್ಕೆ ಬರುವ ಆಸ್ತಿ. ಕಣಿವೆಯ ತಳದ ಬೈಲು, ಅದರ ಮೇಲಿನ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು, ಜೊತೆಗೆ ಅಡಿಕೆ ತೋಟ, ಮನೆ ಹಿತ್ತಿಲು ಎಲ್ಲ ಸೇರಿ ಒಂದು ವರ್ಗ. ಅದರ ಅಂಚಿಗೆ ತಾಗಿ ನೂರು ಗಜದೊಳಗಿನ ಸರಕಾರಿ ಜಾಗ ಕುಮ್ಕಿ. ಅಲ್ಲಿಂದ ಸೊಪ್ಪು, ಸೌದೆ, ದನಕ್ಕೆ ಹುಲ್ಲು. ಕುಮ್ಕಿಯ ಸೊಪ್ಪಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಏಣೆಲು ಬೆಳೆಯಿಲ್ಲ. ವರ್ಗದ ಒಡೆಯ ವರ್ಗದಾರ. ಬಂಟರು, ಜೈನರು, ಬ್ರಾಹ್ಮಣರು ಇಲ್ಲಿ ಹೆಚ್ಚಾಗಿ ಈ ಸ್ಥಾನದಲ್ಲಿದ್ದವರು. ಕಂಪನಿಯ ಲೆಕ್ಕದಲ್ಲಿ 'ರೈತ' ಅಂದರೆ ಇವರೇ.

ಆದರೆ ವರ್ಗದಾರ ಎಷ್ಟೋ ಕಡೆ ತಾನು ಉಳುತ್ತಿರಲಿಲ್ಲ. ಅವನ ಕೆಳಗೆ ಮೂಲಗೇಣಿಯವನು. ಅವನ ಗೇಣಿ ಕಾಯಂ, ಒಕ್ಕಲೆಬ್ಬಿಸುವುದು ಸುಲಭವಲ್ಲ. ಅವನಿಗಿಂತ ಕೆಳಗೆ ಚಾಲಗೇಣಿಯವನು; ವರ್ಷ ತುಂಬಿದರೆ ಧಣಿಯ ಮರ್ಜಿ. ಇಷ್ಟು ಮುಡಿ ಅಕ್ಕಿ ಎಂದು ಮಾತಾಗಿದ್ದರೆ ಮಳೆ ಬಂದರೂ ಬಾರದಿದ್ದರೂ ಅಷ್ಟು ಅಳೆಯಬೇಕು. ಎಲ್ಲರಿಗಿಂತ ಕೆಳಗೆ ಮೂಲದಾಳುಗಳು. ತಲೆಮಾರುಗಳಿಂದ ಒಂದು ಮನೆಗೆ ಕಟ್ಟುಬಿದ್ದವರು. ಮನ್ರೋ ಹೋದ ಕೆಲವೇ ತಿಂಗಳಿಗೆ, 1801ರ ಆರಂಭದಲ್ಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೇಲೆ ಹಾದುಹೋದ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ಬೆಳೆ, ಬೆಲೆಗಳ ಜೊತೆಗೆ ಕೊಂಡು ಮಾರಬಹುದಾದ ಆಳುಗಳ ವಿಚಾರವನ್ನೂ ಬರೆದಿಟ್ಟ. ಗುಲಾಮಗಿರಿಗೆ ಕಾನೂನಿನ ಬಲವಿಲ್ಲವೆಂದು ಕಂಪನಿ ಶಾಸನ ಮಾಡಿದ್ದು 1843ರಲ್ಲಿ. ಹಳೆಯ ಕಟ್ಟಿನಲ್ಲಿ ಬೆಳೆದವನಿಗೆ ಅರ್ಧ ಪಾಲು ಎಂದು ಬರೆದ ಮನ್ರೋ, ತನ್ನ ಕಟ್ಟಿನಲ್ಲಿ ಆ ಬೆಳೆದವನ ಹೆಸರು ಬರೆಯುವ ಅಂಕಣವನ್ನೇ ಇಡಲಿಲ್ಲ. ಸರಕಾರದ ಒಪ್ಪಂದ ವರ್ಗದಾರನೊಂದಿಗೆ. ಗೇಣಿ ಏನಿದ್ದರೂ ಧಣಿ ಒಕ್ಕಲಿನ ಖಾಸಗಿ ಮಾತು.

ಈ ಕುರುಡು ಮನ್ರೋ ಒಬ್ಬನದಲ್ಲ. ಮನ್ರೋ ಇಲ್ಲಿ ವರದಿ ಬರೆಯುತ್ತಿದ್ದ 1800ರಲ್ಲೇ ಥಾಮಸ್ ಜೆಫರ್ಸನ್ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ. ಸ್ವಂತ ತುಂಡು ಭೂಮಿ ಇರುವ ಸಣ್ಣ ರೈತನೇ ಗಣರಾಜ್ಯದ ಬೆನ್ನೆಲುಬು ಎಂದು ನಂಬಿದವನು ಅವನು. ಆ ದೇಶ 1785ರ ಕಾನೂನಿನಿಂದ ಪಶ್ಚಿಮದ ನೆಲವನ್ನು ಆರು ಮೈಲಿ ಚೌಕಗಳಾಗಿ ಕತ್ತರಿಸಿ ಮಾರಲು ಹೊರಟಿತು. ಅಲ್ಲಿ ಮೊದಲೇ ಬದುಕಿದ್ದ ಮೂಲನಿವಾಸಿಗಳು ನಕ್ಷೆಯ ಹೊರಗೆ. ಜೆಫರ್ಸನ್ನನ ಸ್ವಂತ ತೋಟಗಳಲ್ಲಿ ಅವನ ಜೀವಮಾನದಲ್ಲಿ ದುಡಿದ ಗುಲಾಮರು 600ಕ್ಕೂ ಹೆಚ್ಚು. ವರ್ಜೀನಿಯಾದ ಧಣಿಗಳು ಗ್ಲಾಸ್ಗೋ ವರ್ತಕರಿಗೆ ಬಾಕಿ ಇಟ್ಟಿದ್ದ ಸಾಲದಲ್ಲಿ ಜೆಫರ್ಸನ್ನನದೂ ಇತ್ತು. ಒಂದು ಕಡೆ ಸಾಲ ತೀರಿಸಲಾಗದ ವರ್ಜೀನಿಯಾದ ಧಣಿ, ಇನ್ನೊಂದು ಕಡೆ ಅಂಥ ಸಾಲದಿಂದ ಮುಳುಗಿದ ಗ್ಲಾಸ್ಗೋದ ಮನೆಯ ಮಗ. ಇಬ್ಬರೂ ಸಣ್ಣ ಒಡೆಯನ ಸ್ವಾತಂತ್ರ್ಯವನ್ನೇ ಹಾಡಿದರು. ಆ ಒಡೆಯನ ಗದ್ದೆಯಲ್ಲಿ ದುಡಿದವನು ಇಬ್ಬರ ಹಾಡಿನಲ್ಲೂ ಇಲ್ಲ. 1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡ. ಸಾಲಕ್ಕಾಗಿ ಅವನ ಗುಲಾಮರನ್ನು ಮರುವರ್ಷ ಹರಾಜು ಹಾಕಿದರು.

ಮರುವರ್ಷವೇ, 1827ರ ಜುಲೈ 6ರಂದು, ಪತ್ತಿಕೊಂಡದಲ್ಲಿ ಕಾಲರಾ ಬಡಿದು ಮನ್ರೋ ಸತ್ತ. ಕೆನರಾ ಬಿಟ್ಟ ಮೇಲೆ ಅವನು ಬಳ್ಳಾರಿ, ಅನಂತಪುರ, ಕಡಪಗಳ ದತ್ತ ಮಂಡಲಗಳಲ್ಲಿ ಏಳು ವರ್ಷ ಕಲೆಕ್ಟರನಾಗಿದ್ದ. ಮಂತ್ರಾಲಯದಲ್ಲಿ ರಾಘವೇಂದ್ರಸ್ವಾಮಿಗಳು ಅವನೊಂದಿಗೆ ಮಾತಾಡಿದರೆಂಬ ಪ್ರತೀತಿ ಆ ಕಾಲದ್ದು. 1820ರಿಂದ ಸಾಯುವವರೆಗೂ ಮದರಾಸಿನ ಗವರ್ನರ್. 1822ರಲ್ಲಿ ಪ್ರಾಂತದ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯಿಂದ ವಿವರವಾದ ವರದಿ ಹೋಯಿತು, ಅವನದೇ ಹಳೆಯ ಕೆನರಾದಿಂದ ಅಂಕಿಅಂಶ ಹೋಗಲಿಲ್ಲ. 1824ರ ಕೊನೆಯಲ್ಲಿ ಬರೆದ ಟಿಪ್ಪಣಿಯಲ್ಲಿ, ದೇಶದ ಜನರನ್ನು ದೊಡ್ಡ ಹುದ್ದೆಗಳಿಂದ ದೂರ ಇಟ್ಟು ಅವರ ಗುಣ ಕೆಟ್ಟಿತೆಂದು ದೂರುವುದು ಅನ್ಯಾಯ, ಒಂದು ದಿನ ಅವರೇ ತಮ್ಮನ್ನು ಆಳಿಕೊಳ್ಳುವಂತಾಗಬೇಕು ಎಂಬರ್ಥದ ಮಾತು ಹೇಳಿದ. ಅದೇ ಮನುಷ್ಯ ಭಾರತದಲ್ಲಿ ಪತ್ರಿಕಾ ಸ್ವಾತಂತ್ರ್ಯ ಕೂಡದೆಂದೂ ಬರೆದ. ಚೆನ್ನೈನಲ್ಲಿ ಜೀನು ರಿಕಾಪುಗಳಿಲ್ಲದ ಕುದುರೆಯ ಮೇಲೆ ಕುಳಿತ ಅವನ ಕಂಚಿನ ಮೂರ್ತಿ ಇಂದೂ ನಿಂತಿದೆ.

ಇತ್ತ ಕೆನರಾದಲ್ಲಿ ಲೆಕ್ಕ ಬೆಳೆಯುತ್ತ ಹೋಯಿತು. 1819ರ ಹೊತ್ತಿಗೆ ಹಿಂದಿನ ವರ್ಷಗಳ ವಸೂಲಿಯ ಸರಾಸರಿ ಹಿಡಿದು 'ತರಾವು' ಗೊತ್ತುಮಾಡಿದರು. ಅದನ್ನು ಪೂರ್ತಿ ಕಟ್ಟಬಲ್ಲ ವರ್ಗ ಭರ್ತಿ, ಕಟ್ಟಲಾರದ್ದು ಕಂಭರ್ತಿ. ಅಕ್ಕಿಯ ಬೆಲೆ ಕುಸಿದಾಗ ಹಣದ ತೀರ್ವೆ ಕುಸಿಯಲಿಲ್ಲ. 1830–31ರಲ್ಲಿ ರೈತರು ಊರೂರಲ್ಲಿ ಕೂಟ ಸೇರಿದರು, ಕದ್ರಿಯ ಮಂಜುನಾಥನ ಸನ್ನಿಧಿಯಲ್ಲಿ ನೆರೆದರು, ತೀರ್ವೆ ಕಟ್ಟುವುದಿಲ್ಲವೆಂದರು. ಕತ್ತಿ ಹಿಡಿಯದೆ ನಡೆದ ಈ ಕರನಿರಾಕರಣೆ ಈ ಜಿಲ್ಲೆಯ ಚರಿತ್ರೆಯ ಹೆಮ್ಮೆಯ ಪುಟ. 1837ರಲ್ಲಿ ಮಾತ್ರ ಕತ್ತಿ ಎದ್ದಿತು. ಮೂರು ವರ್ಷ ಹಿಂದೆ ಕೊಡಗಿನಿಂದ ಕೆನರಾಕ್ಕೆ ಸೇರಿಸಿದ್ದ ಅಮರಸುಳ್ಯ ಸೀಮೆಯಲ್ಲಿ, ಧಾನ್ಯದ ಬದಲು ಹಣದಲ್ಲೇ ಕಂದಾಯ ಕೊಡಬೇಕೆಂಬುದು ರೈತರನ್ನು ಕೆರಳಿಸಿದ ಕಾರಣಗಳಲ್ಲೊಂದು. ದಂಗೆಯ ಮುಂದಾಳು ಕಲ್ಯಾಣಪ್ಪನ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮೇಲೆ ಬಂದು ಏಪ್ರಿಲ್ 5ರಂದು ಮಂಗಳೂರು ಹೊಕ್ಕಿತು. ನಂದಾವರದ ಬಂಗರಸ ಲಕ್ಷ್ಮಪ್ಪ ಆ ದಂಡಿನ ಜೊತೆ ಸೇರಿದ. ಪಿಂಚಣಿಯಿಂದ ಅರಸುಮನೆಗಳು ಸುಮ್ಮನಾಗುತ್ತವೆಂಬ ಮನ್ರೋನ ಎಣಿಕೆ ಅಲ್ಲಿ ತಪ್ಪಿತು. ಕಲ್ಯಾಣಪ್ಪನನ್ನೂ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಗದ್ದೆಯನ್ನು ಸರಪಳಿಯಿಂದ ಅಳೆದು ನಂಬರು ಹಾಕಿದ್ದು ಹತ್ತೊಂಬತ್ತನೇ ಶತಮಾನ ಮುಗಿಯುತ್ತ ಬಂದಾಗ. ಅಳತೆ ಹೊಸತಾದರೂ ಒಡೆಯ ಹಳಬನೇ. ವರ್ಗದಾರ ಪಟ್ಟಾದಾರನಾದ, ಒಕ್ಕಲು ಒಕ್ಕಲಾಗಿಯೇ ಉಳಿದ. ಮನ್ರೋನ ಲೆಕ್ಕವನ್ನು ನಿಜವಾಗಿ ತಿದ್ದಿದ್ದು ದೇವರಾಜ ಅರಸು ಸರಕಾರ. 1961ರ ಭೂಸುಧಾರಣಾ ಕಾನೂನಿಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಭೂಮಿಯೆಲ್ಲ ಸರಕಾರದ್ದಾಯಿತು, ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ನ್ಯಾಯಮಂಡಳಿಯ ಮುಂದೆ ಹೋದರೆ ಅವನದಾಯಿತು. ಜನ ಇದನ್ನು 'ಡಿಕ್ಲರೇಶನ್' ಎಂದರು. ಕರ್ನಾಟಕದಲ್ಲಿ ಈ ಕಾನೂನು ಆಳವಾಗಿ ನಾಟಿದ್ದು ದಕ್ಷಿಣ ಕನ್ನಡದಲ್ಲಿ. ಕಾರಣ ಸರಳ: ಇಲ್ಲಿನಷ್ಟು ಗೇಣಿ ಹೆಚ್ಚಿನ ಕಡೆ ಇರಲಿಲ್ಲ. ಇಷ್ಟು ಕಾಲ ಬಾಯಿಮಾತಿನಲ್ಲಿದ್ದ ಒಕ್ಕಲಿನ ಹೆಸರು ಮೊದಲ ಬಾರಿಗೆ ಪಹಣಿಗೆ ಏರಿತು. ಧಣಿಗಳ ಮನೆಗಳಲ್ಲಿ ಇದರ ನೋವಿನ ಕತೆಗಳೂ ಇವೆ. ಗೇಣಿಯೊಂದನ್ನೇ ನಂಬಿದ್ದ ವಿಧವೆಯರೂ ಸಣ್ಣ ಒಡೆಯರೂ ಕಳೆದುಕೊಂಡವರಲ್ಲಿ ಸೇರಿದ್ದರು. ಇತ್ತ ಕೂಲಿಯಾಳುಗಳಿಗೆ ಗೇಣಿಯ ಹಕ್ಕೇ ಇರಲಿಲ್ಲವಾದ್ದರಿಂದ ಈ ಸುಧಾರಣೆಯಲ್ಲೂ ಹೆಚ್ಚಿನವರಿಗೆ ದಕ್ಕಿದ್ದು ಮನೆಯಡಿಯ ಜಾಗ ಮಾತ್ರ.

ಮನ್ರೋನನ್ನು ಈಗ ಹೇಗೆ ಅಳೆಯಬೇಕು? ಪರಕೀಯ ಆಳ್ವಿಕೆಯ ಆಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ, ಊರಿನ ಕಡತಗಳನ್ನು ನಂಬಿ, ಇಲ್ಲಿನವರಿಗೆ ಭೂಮಿಯ ಹಕ್ಕು ಮೊದಲೇ ಇತ್ತೆಂದು ತನ್ನ ಯಜಮಾನರ ಎದುರು ವಾದಿಸಿದವನನ್ನು ಕಳೆದುಕೊಳ್ಳುತ್ತೇವೆ. ರೈತಬಂಧು ಎಂದು ಹೊಗಳಿದರೆ, ಅವನ 'ರೈತ' ಯಾರು ಎಂಬ ಪ್ರಶ್ನೆ ಮರೆಯಾಗುತ್ತದೆ. ಅವನು ದಾಖಲೆ ಓದಿದ. ದಾಖಲೆ ಇದ್ದವರ ಮಾತು ಅವನಿಗೆ ಕೇಳಿಸಿತು. ಅಕ್ಷರವಿಲ್ಲದವನ ಹಕ್ಕು ಯಾವ ಕಡತದಲ್ಲೂ ಇರಲಿಲ್ಲ, ಹಾಗಾಗಿ ಅವನ ವರದಿಯಲ್ಲೂ ಬರಲಿಲ್ಲ.

ಈ ಪ್ರಶ್ನೆ ಮುಗಿದುಹೋದ ಚರಿತ್ರೆಯಲ್ಲ. ಬೆಳ್ತಂಗಡಿ, ಬಂಟ್ವಾಳದ ತಾಲೂಕು ಕಚೇರಿಗಳಲ್ಲಿ ಕುಮ್ಕಿಯ ಹಕ್ಕು, ಅಕ್ರಮ ಸಕ್ರಮದ ಅರ್ಜಿ, ಕಾಡಂಚಿನ ಮಲೆಕುಡಿಯರ ಜಾಗದ ಹಕ್ಕುಪತ್ರ ಇವು ಇನ್ನೂ ಮೇಜಿನ ಮೇಲಿವೆ. ಕುಮ್ಕಿ ಬೇಕೆನ್ನುವ ವರ್ಗದಾರನ ಬಳಿ ಹಳೆಯ ಕಾಗದವಿದೆ. ಅದೇ ಕುಮ್ಕಿಯಲ್ಲಿ ಗುಡಿಸಲು ಕಟ್ಟಿಕೊಂಡವನ ಬಳಿ ಅಲ್ಲಿ ಬದುಕಿದ ವರ್ಷಗಳಷ್ಟೇ ಇವೆ. ಕಾಗದವನ್ನು ಮಾತ್ರ ಓದಿ ತೀರ್ಪು ಕೊಡುವ ಅಧಿಕಾರಿ 1800ರ ಕಲೆಕ್ಟರನಿಗಿಂತ ಒಂದು ಹೆಜ್ಜೆಯೂ ಮುಂದೆ ಬಂದಿಲ್ಲ.